ನೂರರವರೆಗೆ ಹೇಳೋಕೆ ಬರುತ್ತೆ, ಐದು ಬೀಜ ಕೊಡೋಕೆ ಬರಲ್ಲ

ನನ್ನ ಅಕ್ಕನ ಮಗಳು ಎರಡನೇ ಕ್ಲಾಸು. ಒಂದರಿಂದ ನೂರರವರೆಗೆ ಉಸಿರು ಬಿಡದೆ ಹೇಳುತ್ತಾಳೆ. ಕೂಡೋ ಲೆಕ್ಕ ಬಂತು ಅಂದರೆ ಮಾತ್ರ ಹೊಟ್ಟೆನೋವು. ಬೇಸಿಗೆ ರಜಕ್ಕೆ ಮಂಡ್ಯಕ್ಕೆ ಬಂದಿದ್ದಳು. ಅಮ್ಮ ಜಗಲಿ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೀತಾ ಕೂತಿದ್ದರು. ಸುಮ್ನೆ ಏಳು ಬೀಜ ಅವಳ ಮುಂದಿಟ್ಟು ಎಣಿಸು ಅಂದೆ. ಬೆರಳಿಟ್ಟು ಏಳರವರೆಗೆ ಸರಿಯಾಗೇ ಎಣಿಸಿದಳು. "ಹಂಗಾದ್ರೆ ಎಷ್ಟಿವೆ?" ಅಂದೆ. ಮತ್ತೆ ಒಂದರಿಂದ ಶುರು ಮಾಡಿದಳು. ಅಂಗೈಯಲ್ಲಿ ಮುಚ್ಚಿ ಕೇಳಿದರೆ "ಹತ್ತಾ?" ಅಂದಳು. ಐದು ಕೊಡು ಅಂದರೆ ಹಿಡಿ ತುಂಬ ಬಾಚಿ ಕೊಟ್ಟಳು.

ಎಣಿಕೆ ಅವಳಿಗೆ ಒಂದು ಪದ್ಯ ಆಗಿತ್ತು, ಅಷ್ಟೇ. ಕೊನೆಗೆ ಹೇಳಿದ "ಏಳು" ಆ ಏಳನೇ ಬೀಜದ ಹೆಸರಲ್ಲ, ಇಡೀ ಗುಡ್ಡೆಯ ಲೆಕ್ಕ ಅನ್ನೋದು ಅವಳಿಗೆ ಹೊಳೆದೇ ಇರಲಿಲ್ಲ. ನಮಗೆ ಇದು ತೀರಾ ಸುಲಭ ಅನ್ನಿಸುತ್ತೆ, ಅಲ್ವಾ? ಆದರೆ ಪುಟ್ಟ ಮಕ್ಕಳು ಇದನ್ನು ಒಂದೇ ದಿನ ಕಲಿಯೋದಿಲ್ಲ. ಕ್ಯಾರನ್ ವಿನ್ ಅನ್ನುವ ಮನಶ್ಶಾಸ್ತ್ರಜ್ಞೆ 1990ರಲ್ಲಿ ಹೀಗೇ "ಇಷ್ಟು ಕೊಡು" ಅಂತ ಕೇಳಿ ನೋಡಿದ್ದರು. ಮಕ್ಕಳಿಗೆ ಮೊದಲು ಒಂದು ಅಂದರೆ ಎಷ್ಟು ಅಂತ ಗೊತ್ತಾಗುತ್ತೆ, ತಿಂಗಳುಗಳ ಮೇಲೆ ಎರಡು, ಆಮೇಲೆ ಮೂರು. ಅಲ್ಲಿಂದ ಮುಂದೆ ಎಣಿಕೆಯ ಗುಟ್ಟು ಒಟ್ಟಿಗೇ ಹೊಳೆದುಬಿಡುತ್ತೆ. ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ. ಕೆಲವರಿಗೆ ತಡವಾಗುತ್ತೆ, ಆದರೆ ಶಾಲೆ ಕಾಯೋದಿಲ್ಲ. ಈ ಗುಟ್ಟೇ ಗೊತ್ತಿಲ್ಲದ ಮಗುವಿಗೆ 7 + 5 ಬರೆಸಿ ಬೈದರೆ ಏನು ಪ್ರಯೋಜನ?

ಹಾಗಾಗಿ ಪುಸ್ತಕ ಮುಚ್ಚಿಟ್ಟೆ. ನಾಲ್ಕು ಹುಣಸೆ ಬೀಜ ತಗೊಂಡು ಕಲ್ಲಿನ ಮೇಲೆ ಒಂದು ಮಗ್ಗುಲು ತೇಯ್ದೆ, ಒಳಗಿನ ಬಿಳಿ ಕಾಣೋವರೆಗೆ. ಚೌಕಾಬಾರ ಆಡಿದವರಿಗೆ ಗೊತ್ತಿರುತ್ತೆ, ಕವಡೆ ಇಲ್ಲದ ಮನೆಯಲ್ಲಿ ಇವೇ ಕವಡೆ. ಎಸೆದಾಗ ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆಸಬೇಕು. ಮೂರು ನಾಲ್ಕರವರೆಗಿನ ವಸ್ತುಗಳನ್ನು ನಮ್ಮ ಕಣ್ಣು ಎಣಿಸದೇ ಗುರುತಿಸುತ್ತೆ. ಐದಾರು ದಾಟಿದರೆ ಎಣಿಸಲೇಬೇಕು. ನಾಲ್ಕೇ ಬೀಜದ ಆಟ ಸರಿಯಾಗಿ ಆ ಮಿತಿಯೊಳಗೇ ಇದೆ! ಮೊದಲೆರಡು ದಿನ ಒಂದೊಂದೇ ಮುಟ್ಟಿ ಎಣಿಸುತ್ತಿದ್ದವಳು ಮೂರನೇ ದಿನಕ್ಕೆ ಬೀಜ ನೆಲಕ್ಕೆ ಬೀಳುತ್ತಿದ್ದಂತೆ "ಮೂರು!" ಅಂತ ಕೂಗಿದಳು.

ಹಾಗಂತ ಚೌಕಾಬಾರ ಒಂದೇ ಸಾಕು ಅಂತ ನಾನು ಹೇಳಲ್ಲ. ಅದರ ಮಣೆಯಲ್ಲಿ ಅಂಕಿ ಇರಲ್ಲ, ದಾರಿಯೂ ಸುತ್ತು ಹಾಕುತ್ತೆ. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಅನ್ನುವ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಬಡ ಕುಟುಂಬದ ಪುಟ್ಟ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಅಂಕಿ ಬರೆದ, ನೇರ ಸಾಲಿನ ಮನೆಗಳ ಆಟ ಆಡಿಸಿದ್ದರು. ಎರಡು ವಾರದಲ್ಲಿ ನಾಲ್ಕು ಸಲ, ಒಂದೊಂದು ಸಲಕ್ಕೆ ಕಾಲು ಗಂಟೆಯಷ್ಟು. 2008ರಲ್ಲಿ ಬಂದ ಆ ವರದಿಯ ಪ್ರಕಾರ, ಯಾವ ಸಂಖ್ಯೆ ದೊಡ್ಡದು ಅನ್ನುವ ಅಂದಾಜು ಆ ಮಕ್ಕಳಿಗೆ ಚೆನ್ನಾಗಿ ಬಂತು. ಅಂಕಿಯ ಬದಲು ಬರೀ ಬಣ್ಣದ ಮನೆಗಳಲ್ಲಿ ಆಡಿದವರಿಗೆ ಬರಲಿಲ್ಲ. 2009ರ ಅವರ ಇನ್ನೊಂದು ವರದಿಯಲ್ಲಿ ವೃತ್ತಾಕಾರದ ಮಣೆ ಕೂಡ ಅಷ್ಟು ಉಪಯೋಗಕ್ಕೆ ಬರಲಿಲ್ಲ.

ಆಮೇಲೆ ನಾನು ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಹತ್ತು ಮನೆಯ ಉದ್ದ ಸಾಲು ಹಾಕಿ ಅಂಕಿ ಬರೆದೆ. ಬೀಜ ಅವೇ. ಇಲ್ಲಿ ಒಂದು ಚಿಕ್ಕ ವಿಷಯ ಇದೆ, ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಅದೇ ಅಂತ ನನಗನ್ನಿಸುತ್ತೆ. ಕಾಯಿ ನಾಲ್ಕರ ಮನೆಯಲ್ಲಿದೆ, ಎರಡು ಬಿತ್ತು ಅಂದುಕೊಳ್ಳಿ. ನಡೆಸುವಾಗ "ಒಂದು, ಎರಡು" ಅನ್ನಬಾರದು, "ಐದು, ಆರು" ಅನ್ನಬೇಕು. ಮನೆಯ ಅಂಕಿಯನ್ನೇ ಹೇಳುತ್ತಾ ಹೋದರೆ ಕೂಡೋ ಲೆಕ್ಕ ಬಾಯಲ್ಲೇ ಆಗಿಬಿಡುತ್ತೆ. ಅವಳು ಮೊದಮೊದಲು ಇದಕ್ಕೆ ಒಪ್ಪಲೇ ಇಲ್ಲ. "ಬಿದ್ದಿದ್ದು ಎರಡು ಚಿಕ್ಕಮ್ಮ, ಆರು ಅಂತ ಯಾಕ್ ಸುಳ್ಳು ಹೇಳ್ತೀಯ?" ಅಂತ ಜಗಳ.

ಇನ್ನೊಂದು ಮಾತು. ಹದಿನೇಳು ಅಂದರೆ ಹತ್ತು ಮತ್ತು ಏಳು, ಕನ್ನಡದಲ್ಲಿ ಹತ್ತು ಮೊದಲು ಬರುತ್ತೆ, ಅಂಕಿ ಬರೆಯುವ ಹಾಗೇ. ಇಂಗ್ಲಿಷಿನ ಸೆವೆಂಟೀನ್‌ನಲ್ಲಿ ಏಳೇ ಮೊದಲು, ಅದಕ್ಕೇ 71 ಅಂತ ಬರೆದುಬಿಡುವ ಮಕ್ಕಳಿದ್ದಾರೆ. ಇಂಗ್ಲಿಷ್ ಮೀಡಿಯಂ ಆದರೂ ಎಣಿಕೆ ಮನೆಯಲ್ಲಿ ಕನ್ನಡದಲ್ಲೇ ಆಗಲಿ. ಬೆರಳು ಮಡಿಸಿದರೆ ಮಡಿಸಲಿ, ಬೈಯಬೇಡಿ.

ಇಷ್ಟೆಲ್ಲ ತಿಂಗಳುಗಟ್ಟಲೆ ಮಾಡಿದರೂ ಮೂರು ದೊಡ್ಡದೋ ಐದು ದೊಡ್ಡದೋ ಅಂತ ಮಗು ತಡವರಿಸಿದರೆ ಡಿಸ್ಕ್ಯಾಲ್ಕುಲಿಯಾ, ಅಂದರೆ ಲೆಕ್ಕ ಕಲಿಯೋಕೆ ಅಡ್ಡಿಯಾಗುವ ತೊಂದರೆ, ಇರಬಹುದು. ಇದು ದಡ್ಡತನ ಅಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಇದರ ಹೆಸರಿದೆ. ನಮ್ಮ ಕಡೆಯವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಹತ್ತಿರವೇ ಇದೆ, ಕಲಿಕೆಯ ತೊಂದರೆಗಳನ್ನು ಅಲ್ಲಿ ನೋಡುತ್ತಾರೆ.

ರಜ ಮುಗಿಯುವ ಹೊತ್ತಿಗೆ ನಮ್ಮ ಹುಡುಗಿ ಮತ್ತೆ ಚೌಕಾಬಾರಕ್ಕೆ ಕೂತಳು. ನಾಲ್ಕೂ ಬೀಜ ಕಪ್ಪು ಮೇಲಾಗಿ ಬಿದ್ದವು. "ಬಾರ! ಎಂಟು ಮನೆ ನಡೆಸು" ಅಂದರು ಅಮ್ಮ. ಅವಳು ಕಾಯಿ ಮುಟ್ಟಲೇ ಇಲ್ಲ. ಬೀಜಗಳನ್ನೇ ನೋಡುತ್ತಾ, "ಒಂದೂ ಬಿಳಿ ಇಲ್ವಲ್ಲ ಅಜ್ಜಿ, ಸೊನ್ನೆ ಅಲ್ವಾ? ಎಂಟು ಹೆಂಗಾಯ್ತದೆ?" ಅಂದಳು. ಅಮ್ಮ ನನ್ನ ಮುಖ ನೋಡಿದರು.