ನೆಲ ಗುಡುಗಿದಾಗ ಮನಸ್ಸು ಕಟ್ಟುವ ಕಥೆ

ಸೈಕಲಾಜಿಕಲ್ ಥ್ರಿಲ್ಲರ್ ಬರೆಯುವವರಿಗೆ ಸಣ್ಣ ಗಣಿ ಊರೆಂದರೆ ಬಲು ಪ್ರೀತಿ. ಅಲ್ಲಿ ಅನ್ನ ಕೊಡುವುದು ಒಂದೇ ಕಂಪನಿ, ಊರಿಗೆ ಬರಲು ಹೋಗಲು ಒಂದೇ ರಸ್ತೆ, ಎಲ್ಲರ ಮನೆಯ ಸುದ್ದಿಯೂ ಎಲ್ಲರಿಗೂ ಗೊತ್ತು. ಆದರೆ ಊರಿನ ಅರ್ಧ ಭಾಗ ಯಾರ ಕಣ್ಣಿಗೂ ಬೀಳದೆ ಕಾಲಡಿಯಲ್ಲಿ ಅಡಗಿರುತ್ತದೆ. ನಡುರಾತ್ರಿ ನೆಲದೊಳಗಿಂದ ಸದ್ದು ಕೇಳಿ ಕಥಾನಾಯಕಿ ಎದ್ದು ಕೂರುತ್ತಾಳೆ. ಪಕ್ಕದಲ್ಲಿದ್ದ ಗಂಡ ತನಗೇನೂ ಕೇಳಿಸಲಿಲ್ಲ ಎನ್ನುತ್ತಾನೆ. ಅಲ್ಲಿಂದಾಚೆಗೆ ನಾವು ಸದ್ದನ್ನು ಮರೆತು ಮನುಷ್ಯರನ್ನು ಅನುಮಾನಿಸತೊಡಗುತ್ತೇವೆ: ಮೊದಲು ಅವಳನ್ನು, ಆಮೇಲೆ ಅವನನ್ನು, ಕೊನೆಗೆ ಇಡೀ ಊರನ್ನು.

ಕೊಡಗಿನಲ್ಲಿ ಅಂಥ ಆಳದ ಗಣಿಗಳಿಲ್ಲ. ಆದರೂ ಕಕ್ಕಡ ತಿಂಗಳ ಮುಂಗಾರು ಮಳೆಯಲ್ಲಿ ಮಡಿಕೇರಿಯಲ್ಲೋ ಮಾದಾಪುರದಲ್ಲೋ ಕೂತು ಇಂಥ ಕಥೆ ಓದುವವರಿಗೆ ಅದು ದೂರದ ಊರಿನ ಸಂಗತಿ ಅನ್ನಿಸುವುದಿಲ್ಲ. 2018ರ ಆಗಸ್ಟ್‌ನ ಭೂಕುಸಿತಗಳು ಕಳೆದ ಮೇಲೆ ನೆಲದ ಸದ್ದಿಗೆ ಇಲ್ಲಿ ಬೇರೆಯೇ ಅರ್ಥ ಬಂದಿದೆ. ಹಾಗಾಗಿಯೇ ಈ ಕಥೆಗಳು ಮನಸ್ಸಿನ ಯಾವ ತಂತಿಯನ್ನು ಮೀಟುತ್ತವೆ ಎಂಬ ಪ್ರಶ್ನೆ ಕೊಡಗಿನವರಿಗೆ ಕೇವಲ ಸಾಹಿತ್ಯದ ಪ್ರಶ್ನೆಯಲ್ಲ ಎಂದು ನಾನು ನಂಬಿದ್ದೇನೆ.

ಗಣಿ ಊರಿನ ಸದ್ದು ಕಥೆಗಾರರ ಕಲ್ಪನೆಯಲ್ಲ. ನಮ್ಮದೇ ರಾಜ್ಯದ ಕೋಲಾರದ ಚಿನ್ನದ ಗಣಿಯನ್ನು ನೋಡಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಮೇಲೆ ಬೆಟ್ಟಗಳಷ್ಟು ಭಾರ. ಅದಿರನ್ನು ಕೊರೆದು ತೆಗೆದಾಗ ಅದು ಹೊತ್ತಿದ್ದ ಭಾರ ಪಕ್ಕದ ಬಂಡೆಗೆ ವರ್ಗವಾಗುತ್ತದೆ. ತಾಳುವಷ್ಟು ಕಾಲ ತಾಳಿದ ಬಂಡೆ ಒಂದು ಕ್ಷಣದಲ್ಲಿ ಸಿಡಿಯುತ್ತದೆ. ಇದೇ ಶಿಲಾಸ್ಫೋಟ, ಕೋಲಾರದ ಗಣಿಯವರು ಹಿಂದೆ ಇದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಕೆಳಗೆ ಸುರಂಗ ಮುಚ್ಚಿಹೋಗುತ್ತಿತ್ತು, ಮೇಲೆ ಮನೆಗಳು ನಡುಗುತ್ತಿದ್ದವು. ದೊಡ್ಡ ಸ್ಫೋಟದ ನಂತರ ಮರಿಕಂಪನಗಳು ದಿನಗಟ್ಟಲೆ ಮುಂದುವರಿಯುತ್ತಿದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಖಾಲಿ ಸುರಂಗಗಳಿಗೆ ನೀರು ತುಂಬಿಕೊಂಡಿತು. ನೆಲದ ಕಂಪನ ಮಾತ್ರ ನಿಲ್ಲಲಿಲ್ಲ. ಕೆಲಸಗಾರರೇ ಇಲ್ಲದ ಗಣಿಯಿಂದ ಬರುವ ಸದ್ದು! ಥ್ರಿಲ್ಲರ್ ಬರೆಯುವವರಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಕೊಡಗಿನ ಸದ್ದಿನ ಮೂಲ ಬೇರೆ. 2022ರ ಜೂನ್ 25ರಂದು ದಕ್ಷಿಣ ಕನ್ನಡದ ಗಡಿಯಲ್ಲಿರುವ ಚೆಂಬು ಸುತ್ತಮುತ್ತ 2.3 ತೀವ್ರತೆಯ ಕಂಪನವಾಯಿತು. ಮೂರು ದಿನಗಳ ನಂತರ 28ರ ಬೆಳಿಗ್ಗೆ 3.0 ತೀವ್ರತೆಯ ಇನ್ನೊಂದು. ಸಂಪಾಜೆ ಕಡೆಯ ಜನರು ಹೇಳಿಕೊಂಡಿದ್ದು ಅಲುಗಾಟದ ಬಗ್ಗೆ ಮಾತ್ರವಲ್ಲ, ಭೂಮಿಯೊಳಗಿನ ಗುಡುಗಿನ ಬಗ್ಗೆಯೂ. ಇಷ್ಟು ಸಣ್ಣ ಕಂಪನಕ್ಕೆ ಅಷ್ಟು ದೊಡ್ಡ ಸದ್ದೇ ಎಂದು ಅನುಮಾನಪಟ್ಟವರಿಗೆ ಭೌತಶಾಸ್ತ್ರದಲ್ಲಿ ನೇರ ಉತ್ತರವಿದೆ. ಕಂಪನ ಹುಟ್ಟಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಬಂಡೆಯನ್ನು ಒತ್ತಿ ಹಿಗ್ಗಿಸುತ್ತಾ ಸಾಗುವ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಅಡ್ಡಡ್ಡ ಅಲುಗಿಸುವ ಎಸ್ ಅಲೆಯದು ಸುಮಾರು ಮೂರೂವರೆ. ಮೊದಲು ಮುಟ್ಟುವ ಪಿ ಅಲೆ ನೆಲವನ್ನು ನಗಾರಿಯ ಚರ್ಮದಂತೆ ಮಿಡಿದು ಗಾಳಿಗೆ ಸದ್ದನ್ನು ಸೇರಿಸುತ್ತದೆ. ನಮ್ಮ ಕಿವಿಗೆ ಸೆಕೆಂಡಿಗೆ 20ಕ್ಕಿಂತ ಹೆಚ್ಚು ಸಲ ಮಿಡಿಯುವ ಸದ್ದಷ್ಟೇ ಕೇಳಿಸುತ್ತದೆ. ಕಡಿಮೆ ಆಳದ ಸಣ್ಣ ಕಂಪನಗಳಲ್ಲಿ ಇಂಥ ಚುರುಕು ಮಿಡಿತ ಧಾರಾಳವಾಗಿರುತ್ತದೆ. ದೂರದ ಮಹಾಭೂಕಂಪ ಸದ್ದಿಲ್ಲದೆ ತೂಗಿ ಹೋಗಬಹುದು, ಕಾಲಡಿಯ ಪುಟ್ಟ ಕಂಪನ ಗುಡುಗಬಹುದು. ಅಂದರೆ ಸದ್ದು ಕೇಳಿದೆ ಎಂದವರು ನಿಜವನ್ನೇ ಹೇಳಿದ್ದರು. ಸದ್ದಿನ ಗಾತ್ರಕ್ಕೂ ಅಪಾಯದ ಗಾತ್ರಕ್ಕೂ ಸಂಬಂಧವಿಲ್ಲ ಎಂಬುದೂ ಅಷ್ಟೇ ನಿಜ.

ಆದರೆ ದೇಹ ಈ ಲೆಕ್ಕ ಕೇಳುವುದಿಲ್ಲ. ಹಠಾತ್ ಸದ್ದಿಗೆ ಬೆಚ್ಚುವ ಪ್ರತಿಕ್ರಿಯೆ ಕತ್ತಲಲ್ಲಿ ಹೆಚ್ಚಾಗುತ್ತದೆ ಎಂಬುದನ್ನು 1990ರ ದಶಕದಲ್ಲಿ ಮನುಷ್ಯರ ಮೇಲೆಯೇ ಪ್ರಯೋಗ ನಡೆಸಿ ತೋರಿಸಿದ್ದಾರೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ತೋಟದ ಮನೆಗಳಲ್ಲಿ, ಕಾರ್ಮಿಕರ ಲೈನ್‌ಮನೆಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದ ಪ್ರಯೋಗ 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಿಂದ ಬಂತು. 45 ಮಂದಿ ಕಂಪ್ಯೂಟರಿನಲ್ಲಿ ಒಂದು ಆಟ ಆಡಿದರು. ಪರದೆಯ ಮೇಲಿನ ಕಲ್ಲಿನಡಿ ಹಾವಿದೆಯೋ ಇಲ್ಲವೋ ಎಂದು ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಂಥ ವಿದ್ಯುತ್ ಆಘಾತ. ಆಗ ಬೆವರನ್ನೂ ಕಣ್ಣಿನ ಪಾಪೆ ಹಿಗ್ಗುವುದನ್ನೂ ಅಳೆದರು. ಆಘಾತ ಖಚಿತ ಎಂದು ಗೊತ್ತಿದ್ದಾಗ ಜನರು ಅತಿಯಾಗಿ ಬಳಲಲಿಲ್ಲ. ಆಗಲೂಬಹುದು, ಆಗದೆಯೂ ಇರಬಹುದು ಎಂಬ ಸರಿ ಅರ್ಧ ಸಾಧ್ಯತೆಯ ಕಡೆ ಒತ್ತಡ ತುತ್ತತುದಿಗೆ ಏರಿತು. ಬರಲಿರುವ ನೋವಿಗಿಂತ ಅನಿಶ್ಚಿತತೆಯೇ ದೇಹವನ್ನು ಹೆಚ್ಚು ಹಿಂಡುತ್ತದೆ. ಒಳ್ಳೆಯ ಥ್ರಿಲ್ಲರ್ ಮಾಡುವುದೂ ಇದನ್ನೇ: ಕಲ್ಲನ್ನು ಎತ್ತಿ ತೋರಿಸದೆ ನಮ್ಮನ್ನು ಆ ಅರ್ಧದಲ್ಲೇ ಮುನ್ನೂರು ಪುಟ ನಿಲ್ಲಿಸುವುದು. ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ, ಕೆಳಗೆ ಮನೆಯಿರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಂತಿರುವುದೂ ಅಲ್ಲೇ. ಪುಸ್ತಕವನ್ನಾದರೆ ಮುಚ್ಚಿಡಬಹುದು.

ಹೀಗೆ ಹುಟ್ಟಿದ ಭಯ ಕಾರಣ ಹುಡುಕಿಕೊಂಡು ಹೊರಡುತ್ತದೆ. ಇದನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು ಭಾರತೀಯರು ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? 1934ರ ಜನವರಿ 15ರಂದು ಬಿಹಾರದಲ್ಲಿ ಘೋರ ಭೂಕಂಪವಾಯಿತು. ಕಂಪನ ಬಲವಾಗಿ ತಟ್ಟಿದರೂ ಹೆಚ್ಚು ಹಾನಿಯಾಗದೆ ಉಳಿದ ಪಟ್ನಾದಲ್ಲಿ ಹಬ್ಬಿದ ವದಂತಿಗಳನ್ನು ಮನಶ್ಶಾಸ್ತ್ರಜ್ಞ ಜಮುನಾ ಪ್ರಸಾದ್ ಸಂಗ್ರಹಿಸಿದರು. ಚಂಡಮಾರುತ ಬರಲಿದೆ, ಚಂದ್ರಗ್ರಹಣದ ದಿನ ಇನ್ನೂ ದೊಡ್ಡ ಭೂಕಂಪವಾಗಲಿದೆ — ಹೀಗಿದ್ದವು ಆ ಮಾತುಗಳು. ಬದುಕುಳಿದವರು ಸಮಾಧಾನದ ಸುದ್ದಿ ಹರಡುವ ಬದಲು ಇನ್ನಷ್ಟು ಭಯದ ಸುದ್ದಿ ಹರಡಿದ್ದೇಕೆ? ಈ ಪ್ರಶ್ನೆ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಅವರನ್ನು ಕಾಡಿತು. ಅವರು ಕೊಟ್ಟ ಉತ್ತರ: ಆ ಜನರಲ್ಲಿ ಭಯ ಆಗಲೇ ಮನೆಮಾಡಿತ್ತು, ಆದರೆ ಸುತ್ತ ನೋಡಿದರೆ ಭಯಪಡಲು ಏನೂ ಕಾಣುತ್ತಿರಲಿಲ್ಲ. ವದಂತಿ ಆ ಭಯಕ್ಕೆ ಒಂದು ಕಾರಣವನ್ನು ಒದಗಿಸಿತು.

ಮುಂದೆ ಮನಶ್ಶಾಸ್ತ್ರಜ್ಞ ದುರ್ಗಾನಂದ ಸಿನ್ಹಾ 1950ರ ಡಾರ್ಜಿಲಿಂಗ್ ಭೂಕುಸಿತದ ನಡುವೆ ವದಂತಿಗಳನ್ನು ಅಧ್ಯಯನ ಮಾಡಿದರು. ಅಲ್ಲಿ ಮನೆಗಳು ಕುಸಿದಿದ್ದವು, ಸಾವುಗಳಾಗಿದ್ದವು. ಅಲ್ಲಿ ಮುಂದೆ ಇನ್ನೂ ದೊಡ್ಡ ಕೇಡಿದೆ ಎಂಬ ಮಾತು ಹಬ್ಬಿರಲಿಲ್ಲ. ಕಣ್ಣೆದುರಿನ ನಾಶವೇ ಭಯಕ್ಕೆ ಸಾಕಷ್ಟು ಕಾರಣವಾಗಿತ್ತು. ಇವೆರಡು ಅಧ್ಯಯನಗಳಿಂದಲೇ ಎಲ್ಲವೂ ಸಾಬೀತಾಯಿತು ಎನ್ನಲಾಗದು. ಎರಡು ಊರು, ಎರಡು ಕಾಲ, ಎರಡು ದುರಂತ. ಆದರೂ ಇವೆರಡನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಕಾಣುವುದು ಕೊಡಗು. 2018ರಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿಯ ಜನರಿಗೆ ಡಾರ್ಜಿಲಿಂಗಿನ ಸ್ಥಿತಿ; ಅದೇ ಮಳೆಯಲ್ಲಿ ನೆನೆದು ಅದೇ ಸುದ್ದಿ ಕೇಳಿ ಏನೂ ಆಗದೆ ಉಳಿದವರಿಗೆ ಪಟ್ನಾದ ಸ್ಥಿತಿ. ಈಗಲೂ ಪ್ರತಿ ಮಳೆಗಾಲದಲ್ಲಿ ಹಳೆಯ ಕುಸಿತದ ವಿಡಿಯೊಗಳು ಹೊಸವೆಂಬಂತೆ ಮೊಬೈಲ್‌ಗಳಲ್ಲಿ ಹರಿದಾಡುತ್ತವೆ. ಅವನ್ನು ಕಳಿಸುವವರೆಲ್ಲ ಕಿಡಿಗೇಡಿಗಳಲ್ಲ. ಅನೇಕರು ತಮ್ಮ ಭಯಕ್ಕೆ ಸಾಕ್ಷಿ ಹುಡುಕುತ್ತಿರುತ್ತಾರೆ.

ಹಾಗಾಗಿ "ಯಾರೂ ಆತಂಕಪಡಬೇಕಾಗಿಲ್ಲ" ಎಂಬ ಪ್ರಕಟಣೆ ಸೋಲುತ್ತದೆ. ಅದು ಭಯವನ್ನು ಅಲ್ಲಗಳೆಯುತ್ತದೆ, ಕಾರಣವನ್ನು ಕೊಡುವುದಿಲ್ಲ. ಥ್ರಿಲ್ಲರ್‌ನಲ್ಲಿ ಗಂಡನ "ನನಗೇನೂ ಕೇಳಿಸಲಿಲ್ಲ" ಎಂಬ ಮಾತು ಮಾಡುವ ಕೆಲಸವನ್ನೇ ಊರಿನ ಮಟ್ಟದಲ್ಲಿ ಇದು ಮಾಡುತ್ತದೆ. ಕಂಪನವಾದ ಕೆಲವೇ ನಿಮಿಷಗಳಲ್ಲಿ ಅದರ ಕೇಂದ್ರ ಎಲ್ಲಿ, ಆಳ ಎಷ್ಟು, ತೀವ್ರತೆ ಎಷ್ಟು, ಸದ್ದು ಯಾಕೆ ಕೇಳಿತು ಎಂದು ಕನ್ನಡದಲ್ಲಿ ತಿಳಿಸಿದರೆ ಭಯಕ್ಕೆ ಅದರ ಅಳತೆಯ ಕಾರಣ ಸಿಗುತ್ತದೆ. ಇದಕ್ಕೆ ಬೇಕಾದ ಕಂಪನಮಾಪಕಗಳೂ ಮೊಬೈಲ್‌ಗಳೂ ನಮ್ಮಲ್ಲಿವೆ.

2018ರ ಕುಸಿತಕ್ಕೆ ಅದೇ ವರ್ಷದ ಜುಲೈನಲ್ಲಿ ಕೊಡಗಿನಲ್ಲಾದ ಸಣ್ಣ ಭೂಕಂಪನವೇ ಕಾರಣ ಎಂದು ನಂಬಿದವರು ಅನೇಕರು. ಭೂವಿಜ್ಞಾನಿಗಳು ಬೊಟ್ಟು ಮಾಡಿದ್ದು ಎಡೆಬಿಡದ ಮಳೆಯತ್ತ, ಮನೆ–ರಸ್ತೆಗಳಿಗಾಗಿ ಕಡಿದಾಗಿ ಕತ್ತರಿಸಿದ ಬರೆಗಳತ್ತ. ಸದ್ದಿಗೆ ಕಿವಿಗೊಟ್ಟು ನಿದ್ದೆಗೆಡುವ ಮನೆಯವರು ಹಗಲಿನಲ್ಲಿ ನೋಡಬೇಕಾದದ್ದು ಇದೆ: ಬರೆಯ ನೆತ್ತಿಯಲ್ಲಿ ಹೊಸ ಬಿರುಕು ಮೂಡಿದೆಯೇ, ನೆಟ್ಟಗಿದ್ದ ಮರ ವಾಲಿದೆಯೇ, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗಿವೆಯೇ, ತಿಳಿನೀರಿನ ಒರತೆ ಕೆಂಪಾಗಿ ಹರಿಯುತ್ತಿದೆಯೇ, ಹೊಳೆಯ ನೀರು ಮಳೆಯ ನಡುವೆಯೇ ಥಟ್ಟನೆ ಇಳಿದಿದೆಯೇ. ಇವುಗಳಲ್ಲಿ ಒಂದು ಕಂಡರೂ ಯಾರ ಪ್ರಕಟಣೆಗೂ ಕಾಯದೆ ಆ ಹೊತ್ತಿಗೇ ಮನೆ ಬಿಡಬೇಕು.