ಇನ್‌ಫಾರ್ಮ್ಡ್ ಕನ್ಸೆಂಟ್ ಅಂದರೆ ಏನು?

ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೇನೂ ಬರವಿಲ್ಲ, ಜಗಳೂರು, ಚನ್ನಗಿರಿ, ಹರಪನಹಳ್ಳಿ ಕಡೆಯವರೂ ಆಪರೇಷನ್‌ಗೆ ಇಲ್ಲಿಗೇ ಬರುತ್ತಾರೆ. ಹೋದ ವರ್ಷ ನಮ್ಮ ಮಾವನ ಹರ್ನಿಯಾಕ್ಕೆ ನಾನೂ ಜೊತೆಗಿದ್ದೆ. ಥಿಯೇಟರ್‌ಗೆ ಒಯ್ಯುವ ಹತ್ತು ನಿಮಿಷ ಮುಂಚೆ ನರ್ಸ್ ಇಂಗ್ಲಿಷ್ ಫಾರಂ ತಂದು, ಇಂಟು ಮಾರ್ಕ್ ಹಾಕಿ, 'ಇಲ್ಲಿ ಸೈನ್ ಮಾಡ್ರಿ' ಅಂದರು. ಮಾವ ಪಕ್ಕದಲ್ಲೇ ಎಚ್ಚರವಾಗಿ ಕೂತಿದ್ದರು, ಸೈನ್ ಮಾಡಿದ್ದು ಮಾತ್ರ ನಾನು.

ಇದು ಕನ್ಸೆಂಟ್ ಅಲ್ಲ. ಕನ್ಸೆಂಟ್ ಅಂದರೆ ಒಪ್ಪಿಗೆ, ಇನ್‌ಫಾರ್ಮ್ಡ್ ಅಂದರೆ ವಿಷಯ ತಿಳಿದುಕೊಂಡು. ಯಾವ ಆಪರೇಷನ್, ಯಾಕೆ, ಬೇರೆ ದಾರಿ ಇದೆಯಾ, ಏನು ತೊಂದರೆ ಬರಬಹುದು, ಮಾಡಿಸದಿದ್ದರೆ ಏನಾಗುತ್ತದೆ ಅನ್ನುವುದನ್ನೆಲ್ಲ ರೋಗಿಗೇ ಅವರ ಭಾಷೆಯಲ್ಲಿ ಹೇಳಬೇಕು. ಆಮೇಲೆ ಅವರು ಹೂಂ ಅನ್ನಬೇಕು.

ಆ ರಾತ್ರಿ ಮಾವನಿಗೆ ಮೂತ್ರ ಕಟ್ಟಿತು, ಕ್ಯಾಥೆಟರ್ (ಮೂತ್ರ ಹೊರಗೆ ತೆಗೆಯುವ ನಳಿಕೆ) ಹಾಕಿದರು. ಇಂಥ ಆಪರೇಷನ್ ಆದಮೇಲೆ ಕೆಲವರಿಗೆ ಹೀಗಾಗುತ್ತದಂತೆ. ಆದರೆ ನಮಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ವರಾಂಡದಲ್ಲಿ 'ಏನೋ ಎಡವಟ್ಟು ಮಾಡ್ಯಾರೆ, ಕನ್‌ಸ್ಯೂಮರ್ ಕೋರ್ಟಿಗೆ ಹಾಕೋಣ' ಅಂತ ಶುರುವಾಯಿತು! ಸರ್ಜನ್ ಹಿಂದಿನ ದಿನ ಐದು ನಿಮಿಷ ಮಾತಾಡಿದ್ದರೆ ಆ ಮಾತೇ ಬರುತ್ತಿರಲಿಲ್ಲ ಅಲ್ವಾ?

ಕನ್‌ಸ್ಯೂಮರ್ ಕೋರ್ಟ್ ಸುಮ್ನೆ ಬೆದರಿಕೆಯಲ್ಲ. ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2008ರ ಇನ್ನೊಂದು ತೀರ್ಪು ಸರ್ಜನ್‌ಗಳೆಲ್ಲ ಓದಬೇಕಾದ್ದು. ದೆಹಲಿಯಲ್ಲಿ ಒಬ್ಬ ಮಹಿಳೆ ಲ್ಯಾಪರೊಸ್ಕೋಪಿ ಪರೀಕ್ಷೆಗೆ, ಅಂದರೆ ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡೋಕೆ ಅಂತ ಮಲಗಿದ್ದರು. ಅರಿವಳಿಕೆಯಲ್ಲಿ ಇರುವಾಗಲೇ ಹೊರಗಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಆಗುವುದಿಲ್ಲ, ದೊಡ್ಡವರಾದ ರೋಗಿಯ ಪರವಾಗಿ ತಾಯಿ ಒಪ್ಪಿದರೂ ನಡೆಯುವುದಿಲ್ಲ ಅಂತ ಕೋರ್ಟ್ ಹೇಳಿತು. ವೈದ್ಯರಿಗೆ ಫೀಸೂ ಇಲ್ಲ, ಮೇಲೆ ಆ ಮಹಿಳೆಗೆ 25,000 ರೂಪಾಯಿ ಪರಿಹಾರ ಕೊಡಬೇಕಾಯಿತು. ಮೊತ್ತ ಕಮ್ಮಿ ಅನಿಸಬಹುದು, ಆದರೆ ಕೇಸು ಹಲವು ವರ್ಷ ಎಳೆದಾಡಿದ್ದು ಇಬ್ಬರನ್ನೂ.

ಹಾಗಂತ ಸೈನ್ ಇದ್ದರೆ ಡಾಕ್ಟರ್ ಬಚಾವ್ ಅಂತಲೂ ಅಲ್ಲ. ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದರೆ ಯಾವ ಫಾರಮ್ಮೂ ಕಾಪಾಡುವುದಿಲ್ಲ. ಅದನ್ನು ತಪ್ಪಿಸೋಕೆ ಬಟ್ಟೆಗಳ ಎಣಿಕೆ, ಚೆಕ್‌ಲಿಸ್ಟ್ ಬೇರೆಯೇ ಇವೆ.

ಮಾತಾಡಿದ್ದನ್ನು ಕೇಸ್ ಶೀಟಿನಲ್ಲಿ ಬರೆದಿಡುವುದೂ ಅಷ್ಟೇ ಮುಖ್ಯ. 'ಕನ್ನಡದಲ್ಲಿ ಹೇಳಿದೆ, ಮೂತ್ರ ಕಟ್ಟಬಹುದು ಅಂದೆ, ರೋಗಿ ಒಪ್ಪಿದರು' ಅಂತ ಟೈಮ್ ಹಾಕಿ ಒಂದು ಸಾಲು ಇದ್ದರೂ ಸಾಕು. ಯಾಕೆಂದರೆ ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮವಿದೆ, ಆಗ ಕೂತು ಬರೆಯೋಕಾಗುತ್ತಾ?