ಫ್ರಾಂಜ್ ಮಾರ್ಕ್‌ನ ಕುದುರೆಗಳು ನೀಲಿ ಯಾಕೆ?

ಓದುಗರ ಪ್ರಶ್ನೆ: ಜರ್ಮನ್ ಕಲಾವಿದ ಫ್ರಾಂಜ್ ಮಾರ್ಕ್‌ನ ‘ದೊಡ್ಡ ನೀಲಿ ಕುದುರೆಗಳು’ ಚಿತ್ರ ನೋಡಿದೆ. ಕುದುರೆ ಎಲ್ಲಾದರೂ ನೀಲಿ ಇರುತ್ತಾ? ಅದಕ್ಕೇನಾದರೂ ಅರ್ಥ ಇದೆಯಾ, ಇಲ್ಲಾ ಸುಮ್ನೆ ಬಳಿದದ್ದಾ?

ಸುಮ್ನೆ ಬಳಿದದ್ದಂತೂ ಅಲ್ಲ. ಕುದುರೆಯ ಮೈಕಟ್ಟು ಮಾರ್ಕ್‌ಗೆ ಚೆನ್ನಾಗಿ ಗೊತ್ತಿತ್ತು. ಮ್ಯೂನಿಕ್‌ನಲ್ಲಿ ಪ್ರಾಣಿಗಳ ಅಂಗರಚನೆ ಪಾಠ ಹೇಳಿ ಸಂಪಾದಿಸುತ್ತಿದ್ದವನು ಅವನು. ಬೇಕೆಂದೇ ನೀಲಿ ಹಚ್ಚಿದ. ಕ್ಯಾಲೆಂಡರಿನ ಕೃಷ್ಣ ನೀಲಿಯಾಗಿದ್ದರೆ ನಾವು ಯಾರೂ ಯಾಕೆ ಅಂತ ಕೇಳೋದಿಲ್ಲ, ಅಲ್ವಾ? 1911ರ ಜರ್ಮನಿಯಲ್ಲಿ ಕುದುರೆಗೆ ಆ ರಿಯಾಯಿತಿ ಇರಲಿಲ್ಲ.

ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಕಾಗದದಿಂದ ಬಂದದ್ದು. 1910ರ ಡಿಸೆಂಬರ್‌ನಲ್ಲಿ ಮಾರ್ಕ್ ತನ್ನ ಗೆಳೆಯ, ಚಿತ್ರಕಾರ ಆಗಸ್ಟ್ ಮಾಕೆಗೆ ಬಣ್ಣಗಳ ಬಗ್ಗೆ ಬರೆದ. ನೀಲಿ ಗಂಡಿನ ಬಣ್ಣ, ಬಿಗಿಯಾದದ್ದು, ಆತ್ಮಕ್ಕೆ ಸೇರಿದ್ದು. ಹಳದಿ ಹೆಣ್ಣಿನದು, ಮೃದು, ಖುಷಿಯದು. ಕೆಂಪು ಅಂದರೆ ಜಡವಸ್ತು, ಒರಟು, ಭಾರ. ಉಳಿದ ಎರಡೂ ಬಣ್ಣ ಯಾವಾಗಲೂ ಅದನ್ನು ಎದುರಿಸಿ ಗೆಲ್ಲಬೇಕು.

ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ: ನೀಲಿ ಎಂದರೆ ಆಧ್ಯಾತ್ಮ, ಮುಗೀತು. ನನಗೆ ಇದು ಅರ್ಧ ಉತ್ತರ ಅನಿಸುತ್ತದೆ. ಯಾಕೆಂದರೆ ಅದೇ 1911ರಲ್ಲಿ ಅವನು ಮೇಯುವ ಕೆಂಪು ಕುದುರೆಗಳನ್ನೂ ಬರೆದ. ಆ ಚಿತ್ರ ಈಗ ಹಾರ್ವರ್ಡ್‌ನಲ್ಲಿದೆ. ಅದರಲ್ಲಿ ಒರಟುತನ ಹುಡುಕಿದರೂ ಸಿಗದು. ಮರುವರ್ಷ ಹಳದಿ ಕುದುರೆಗಳೂ ಬಂದವು. ಕಾಗದದ ಸೂತ್ರವನ್ನು ಅವನೇ ಅಷ್ಟೊಂದು ಕಟ್ಟುನಿಟ್ಟಾಗಿ ಪಾಲಿಸಲಿಲ್ಲ.

ಹಾಗಾಗಿ ಕಾಗದ ಪಕ್ಕಕ್ಕಿಟ್ಟು ಚಿತ್ರವನ್ನೇ ನೋಡಿ. ಮೂರು ಕುದುರೆಗಳು ಕತ್ತು ಬಾಗಿಸಿ, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಹಿಂದೆ ಕೆಂಪು ಗುಡ್ಡಗಳು. ಕುದುರೆಯ ಬೆನ್ನು ಬಾಗಿದಂತೆಯೇ ಗುಡ್ಡದ ಗೆರೆಯೂ ಬಾಗಿದೆ. ಎದುರಿಗೆ ತೆಳ್ಳನೆಯ ಬಿಳಿ ಮರದ ಕಾಂಡ. ಗುಡ್ಡಕ್ಕೂ ನೀಲಿಯನ್ನೇ ಹಚ್ಚಿದ್ದರೆ ಕುದುರೆಗಳು ಅದರಲ್ಲಿ ಕರಗಿ ಹೋಗುತ್ತಿದ್ದವು. ಕಂದು ಕುದುರೆ ಬರೆದಿದ್ದರೆ ಅದು ಯಾರದೋ ಹೊಲದ ಕುದುರೆಯಾಗುತ್ತಿತ್ತು. ನೀಲಿ ಬಂದದ್ದರಿಂದ ಸವಾರ, ಒಡೆಯ, ಗಾಡಿ ಯಾವುದೂ ನೆನಪಾಗುವುದಿಲ್ಲ. ಕೆಂಪಿನ ಮುಂದೆ ಅವು ತಣ್ಣಗೆ, ಗಟ್ಟಿಯಾಗಿ ನಿಲ್ಲುತ್ತವೆ. ನನ್ನ ಪ್ರಕಾರ ಅರ್ಥ ಇರುವುದು ಈ ಎರಡು ಬಣ್ಣಗಳ ನಡುವೆ.

ಇದೇ ಎಕ್ಸ್‌ಪ್ರೆಷನಿಸಂ ಎಂಬ ಕಲಾಪಂಥದ ದಾರಿ. ಅದಕ್ಕೂ ಹಿಂದಿನ ಇಂಪ್ರೆಷನಿಸ್ಟ್ ಚಿತ್ರಕಾರರು ಬೆಳಕು ಕಣ್ಣಿಗೆ ಹೇಗೆ ಬೀಳುತ್ತದೋ ಹಾಗೆ ಬರೆದರು. ಇವರಿಗೆ ಒಳಗಿನ ಅನುಭವ ಮುಖ್ಯ, ಬಣ್ಣ ಅದರ ಮಾತು ಕೇಳಬೇಕು. ಮಾರ್ಕ್ ಆಗ ಬವೇರಿಯಾದ ಸಿಂಡೆಲ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿದ್ದ. 1911ರಲ್ಲೇ ಅವನೂ ರಷ್ಯನ್ ಚಿತ್ರಕಾರ ಕ್ಯಾಂಡಿನ್ಸ್ಕಿಯೂ ಸೇರಿ ‘ನೀಲಿ ಸವಾರ’ ಎಂಬ ಬಳಗ ಕಟ್ಟಿದರು. ಆ ಹೆಸರು ಹುಟ್ಟಿದ್ದು ಕಾಫಿ ಕುಡಿಯುತ್ತಾ ಅಂತ ಕ್ಯಾಂಡಿನ್ಸ್ಕಿ ಆಮೇಲೆ ಹೇಳಿದ್ದಾನೆ: ಇಬ್ಬರಿಗೂ ನೀಲಿ ಇಷ್ಟ, ಮಾರ್ಕ್‌ಗೆ ಕುದುರೆ, ತನಗೆ ಸವಾರರು. ದೊಡ್ಡ ಸಿದ್ಧಾಂತ ಹುಡುಕುವವರಿಗೆ ಸ್ವಲ್ಪ ನಿರಾಸೆಯೇ!

ಮಾರ್ಕ್ 1916ರ ಮಾರ್ಚ್‌ನಲ್ಲಿ, 36ನೇ ವಯಸ್ಸಿಗೆ, ಮೊದಲ ಮಹಾಯುದ್ಧದ ವೆರ್ದನ್ ಕದನದಲ್ಲಿ ಸತ್ತ. ದೇಶಕ್ಕಾಗಿ ಪ್ರಾಣ ಕೊಟ್ಟ ಅವನ ಚಿತ್ರಗಳನ್ನೇ ನಾಜಿಗಳು 1937ರಲ್ಲಿ ‘ಕೆಟ್ಟುಹೋದ ಕಲೆ’ ಅಂತ ಮ್ಯೂನಿಕ್‌ನಲ್ಲಿ ತೂಗುಹಾಕಿದರು. ಮಾಜಿ ಸೇನಾಧಿಕಾರಿಗಳ ಸಂಘ ಪ್ರತಿಭಟಿಸಿದ ಮೇಲೆ 1913ರ ‘ನೀಲಿ ಕುದುರೆಗಳ ಗೋಪುರ’ವನ್ನು ಅಲ್ಲಿಂದ ತೆಗೆದರು. ಅದು ನಾಜಿ ನಾಯಕ ಗೋರಿಂಗ್‌ನ ಕೈಸೇರಿ, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಕಾಣೆಯಾಯಿತು. ನೀವು ಕೇಳಿದ ಚಿತ್ರ ಮಾತ್ರ ಸುರಕ್ಷಿತವಾಗಿ ಅಮೆರಿಕದ ಮಿನಿಯಾಪೊಲಿಸ್‌ನ ವಾಕರ್ ಆರ್ಟ್ ಸೆಂಟರ್‌ನಲ್ಲಿದೆ.